ಕಳಿಸಿಕೊಟ್ಟವರು

9 ಫೆಬ್ರವರಿ 2025, ಭಾನುವಾರ

ಇವತ್ತು ಆರಾಧನೆ ಮುಗಿಯುವ ಹೊತ್ತಿಗೆ ಅಯ್ಯನವರು ನನ್ನನ್ನು ಕೇಳದೆಯೇ ನನ್ನ ಹೆಸರು ಹೇಳಿಬಿಟ್ಟರು. "ಈ ವರ್ಷದಿಂದ ಮಕ್ಕಳ ಸುರಕ್ಷತೆಯ ಜವಾಬ್ದಾರಿ ವನಜಾ ಅವರದು. ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡ್ತಾರೆ, ಅವರಿಗೆ ಎಲ್ಲಾ ಗೊತ್ತು." ಎಲ್ಲರೂ ಚಪ್ಪಾಳೆ ತಟ್ಟಿದರು. ಸಭಾಪಾಲಕರಾದ ಅವರು ಸಭೆಗೆಲ್ಲ ಕರುಣಾಕರ ಅಯ್ಯನವರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೂ ಅಯ್ಯನವರೇ. ಎದ್ದು ನಿಂತು ಆಗಲ್ಲ ಅನ್ನೋಕಾಗುತ್ತಾ? ನಗುಮುಖ ಮಾಡಿದೆ.

ವಿಷಯ ಇಷ್ಟೇ. ಥಾರ್ನ್ಲಿಯಲ್ಲಿ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಇಲ್ಲಿನವರ ಚರ್ಚಿನ ಹಾಲ್ ಬಾಡಿಗೆಗೆ ತಗೊಂಡು ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಹಾಲ್ ಕೊಟ್ಟವರು ಕಾಗದ ಕಳಿಸಿದ್ದಾರೆ. ಮಕ್ಕಳ ಜೊತೆ ಇರುವ ದೊಡ್ಡವರೆಲ್ಲ ಸರ್ಕಾರದ ಕಾರ್ಡ್ ಮಾಡಿಸಬೇಕು, ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಬಾರದು, ಎಲ್ಲಕ್ಕೂ ಒಂದು ಫೈಲ್ ಇಡಬೇಕು. ಸಂಡೇ ಸ್ಕೂಲ್ ನಡೆಸುವ ಇಂದಿರಮ್ಮನವರಿಗೆ ಸಿಟ್ಟು ನೆತ್ತಿಗೇರಿತು. "ಮಕ್ಕಳಿಗೆ ಹಾಡು ಹೇಳಿಕೊಡೋಕೆ ಪೊಲೀಸ್ ವೆರಿಫಿಕೇಶನ್ನಾ? ನಾನೇನು ಕಳ್ಳೀನಾ?" ಅಂದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಟೀ ಆರಿಹೋಗಿತ್ತು.

ನಮ್ಮ ಸುಮಂತ ಇಲ್ಲದಿದ್ದರೆ ನನ್ನ ಕೈಲಿ ಏನೂ ಆಗುತ್ತಿರಲಿಲ್ಲ. ಪೋಸ್ಟರ್, ಕಾರ್ಡುಗಳ ಜೆರಾಕ್ಸ್, ಫೈಲ್ ಎಲ್ಲ ಅವನೇ ಮಾಡಿಟ್ಟಿದ್ದಾನೆ. ಯೂತ್ ಲೀಡರ್ ಅಂತ ಅವನ ಕಾರ್ಡೇ ಮೊದಲನೆಯದು. ಅದರ ಹಿಂದೆ ಬ್ರಿಸ್ಬೇನಿನ ಕನ್ನಡ ಸಭೆಯವರು ಕೊಟ್ಟ ಪತ್ರ: ನಾಲ್ಕು ವರ್ಷ ನಮ್ಮ ಯುವಜನರನ್ನು ನಡೆಸಿದವನು, ಒಳ್ಳೆಯ ಸಾಕ್ಷಿಯುಳ್ಳವನು. ಓದಿ ಹೆಮ್ಮೆಯಾಯಿತು. ಸ್ಟೂಡೆಂಟ್ ಆಗಿ ಮೈಸೂರಿನಿಂದ ಬಂದಾಗ ಎರಡು ವರ್ಷ ನಮ್ಮ ಹಿಂದಿನ ರೂಮಿನಲ್ಲೇ ಇದ್ದ. ಬಂದ ಒಂದೇ ವಾರಕ್ಕೆ ನನ್ನನ್ನು ಅಮ್ಮ ಅಂದ. ಕೆಲಸ ಅಂತ ಬ್ರಿಸ್ಬೇನಿಗೆ ಹೋದವನು ಮತ್ತೆ ನಮ್ಮ ಹತ್ತಿರಕ್ಕೇ ಬಂದ. ನಮಗೆ ಮಕ್ಕಳಿಲ್ಲ. ಅಷ್ಟು ಬರೆದರೆ ಸಾಕು.

ರಾತ್ರಿ ಊಟಕ್ಕೂ ಇಲ್ಲೇ ಇದ್ದ. ಕೋಳಿ ಸಾರು ಎರಡು ಸಲ ಹಾಕಿಸಿಕೊಂಡ.

ದೇವರೇ, ಈ ಕೆಲಸ ಸರಿಯಾಗಿ ಮಾಡುವ ಬುದ್ಧಿ ಕೊಡು. ಯಾರ ಮನಸ್ಸೂ ನೋಯದ ಹಾಗೆ ಮಾಡಿಸು.

21 ಫೆಬ್ರವರಿ, ಶುಕ್ರವಾರ

ಯೂತ್ ಮೀಟಿಂಗಿಗೆ ಹನ್ನೊಂದು ಮಕ್ಕಳು. ರೂಲ್ ಪ್ರಕಾರ ಇಬ್ಬರು ದೊಡ್ಡವರು. ಹಾಲಿನಲ್ಲಿ ಗಿಟಾರ್ ಹಿಡಿದು ಸುಮಂತ, ಅಡುಗೆಮನೆಯಲ್ಲಿ ನಾನು. ನಾಲ್ಕೂವರೆಗೆ ಶುರು, ಆರಕ್ಕೆ ಮುಗಿಯಿತು.

ಎಲ್ಲ ಹೊರಟರೂ ನಿಸರ್ಗ ಸಿಂಕಿನ ಹತ್ತಿರ ನಿಂತು ಕಪ್ ತೊಳೆಯುತ್ತಿದ್ದಳು. ಹನ್ನೆರಡು ವರ್ಷ, ಅಪರ್ಣಾಳ ದೊಡ್ಡ ಮಗಳು. ಅಪ್ಪ ಸುಧೀರನಿಗೆ ಗಣಿ ಕೆಲಸ. ಎರಡು ವಾರ ಉತ್ತರಕ್ಕೆ ಹಾರಿಹೋದರೆ ಒಂದು ವಾರ ಮನೆ. ಅಪರ್ಣಾಗೆ ಕೈಗೂಸು ಬೇರೆ, ಡ್ರೈವಿಂಗ್ ಟೆಸ್ಟಲ್ಲಿ ಎರಡು ಸಲ ಫೇಲ್. ಹಾಗಾಗಿ ಗಾಸ್ನೆಲ್ಸ್‌ನ ಮನೆಗೆ ಇವಳನ್ನು ಬಿಡುವುದು ಸುಮಂತ.

"ಆಂಟಿ, ಕ್ಯಾನ್ ಐ ಕಮ್ ವಿತ್ ಯು ಟುಡೇ?" ಅಂದಳು. ಈ ಮಕ್ಕಳಿಗೆ ಕನ್ನಡ ಅರ್ಥವಾಗುತ್ತೆ, ಬಾಯಿಗೆ ಬರುವುದು ಇಂಗ್ಲಿಷೇ.

"ಇವತ್ತು ಇಂದಿರಮ್ಮನವರ ಮನೇಲಿ ಪ್ರಾರ್ಥನೆ ಇದೆಯಮ್ಮ, ಹೊತ್ತಾಗಿದೆ. ಸುಮಂತಣ್ಣ ಕಾಯ್ತಿದ್ದಾನೆ ನೋಡು."

"ಐ ಕ್ಯಾನ್ ವೇಟ್."

"ಅಣ್ಣನ್ನ ಹಾಗೆಲ್ಲ ಕಾಯಿಸಬಾರದು. ಹೋಗು ಪುಟ್ಟ."

ಕೈಯಲ್ಲಿದ್ದ ಕಪ್ಪನ್ನು ಒರೆಸಿದ್ದೇ ಒರೆಸಿದಳು. ಆಮೇಲೆ ಹೋದಳು. ಈ ವಯಸ್ಸೇ ಹಾಗೆ, ದಿನಕ್ಕೊಂದು ಮೂಡು.

ಪ್ರಾರ್ಥನೆಗೆ ಹತ್ತು ನಿಮಿಷ ತಡವಾಯಿತು. ಇಂದಿರಮ್ಮನವರು ಮುಖ ಗಂಟಿಕ್ಕಿಕೊಂಡಿದ್ದರು. ಕ್ಷಮೆ ಕೇಳಿದೆ.

5 ಮಾರ್ಚ್, ಬುಧವಾರ

ಸೆಂಟರಿಗೆ ಇವತ್ತು ಒಬ್ಬ ತಾತ ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದರು. ಲಿಸ್ಟಿನಲ್ಲಿ ಅವರ ಹೆಸರಿರಲಿಲ್ಲ. ಮಗು ಓಡಿಹೋಗಿ ಕಾಲು ತಬ್ಬಿಕೊಂಡರೂ ನಾನು ಕಳಿಸಲಿಲ್ಲ. ಅಮ್ಮನಿಗೆ ಫೋನ್ ಸಿಗುವವರೆಗೆ ಇಪ್ಪತ್ತು ನಿಮಿಷ ಬಾಗಿಲಲ್ಲೇ ನಿಲ್ಲಿಸಿದೆ. ಬಾಯಿಗೆ ಬಂದ ಹಾಗೆ ಬೈದರು. ಬೈಯಲಿ. ಅಲ್ಲಿ ನನಗೆ ಅಂಜಿಕೆಯೇ ಇಲ್ಲ, ಯೂನಿಫಾರ್ಮ್ ಹಾಕಿಕೊಂಡರೆ ನಾನು ಬೇರೆಯೇ ಹೆಂಗಸು.

ಮಧ್ಯಾಹ್ನ ವರ್ಷದ ಟ್ರೈನಿಂಗ್. ಮಗುವಿಗೆ ಕೇಡು ಮಾಡುವವನು ಮೊದಲು ಮನೆಯವರ ನಂಬಿಕೆ ಗಳಿಸುತ್ತಾನೆ, ಕೈಗೆ ಸಿಗುವವನು, ಸಹಾಯಕ್ಕೆ ಬರುವವನು ಅವನೇ ಆಗಿರುತ್ತಾನೆ ಅಂದರು. ಗಿಫ್ಟು, ಲಿಫ್ಟು, ಗುಟ್ಟು, ಇವು ಕಂಡರೆ ನಿಂತು ನೋಡಿ ಅಂದರು. ಬರೆದುಕೊಂಡೆ. ಪ್ರತಿ ವರ್ಷವೂ ಬರೆದುಕೊಳ್ಳುತ್ತೇನೆ.

ಮನೆಗೆ ಬರುವಾಗ ಸ್ಪೆನ್ಸರ್ ರೋಡಿನ ಸಿಗ್ನಲ್‌ನಲ್ಲಿ ಹಸಿರು ಬಂದದ್ದೇ ಗೊತ್ತಾಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಕಪ್ ಒರೆಸುತ್ತಿದ್ದ ಆ ಹುಡುಗಿಯ ಕೈ ಕಣ್ಣ ಮುಂದೆ ಇತ್ತು.

ಛೆ, ಎಂಥ ಯೋಚನೆ. ನಮ್ಮ ಸುಮಂತ! ದೇವರೇ, ನನ್ನ ಮನಸ್ಸಿನ ಕೊಳೆ ತೊಳೆ.

7 ಮಾರ್ಚ್, ಶುಕ್ರವಾರ

ಮೀಟಿಂಗ್ ಮುಗಿದ ಕೂಡಲೇ "ಸುಮಂತ, ಇವತ್ತು ನಿಸರ್ಗನ್ನ ನಾನೇ ಬಿಡ್ತೀನಿ" ಅಂದೆ. ಮಾಮೂಲಿ ದನಿಯಲ್ಲೇ ಹೇಳಿದೆ ಅಂದುಕೊಂಡಿದ್ದೇನೆ.

"ಯಾಕಮ್ಮ, ಸುಮ್ನೆ ನಿಮಗೆ ತೊಂದರೆ."

"ಅಪರ್ಣಾ ಹತ್ರ ಸ್ವಲ್ಪ ಕೆಲಸ ಇದೆ." ಸುಳ್ಳು.

"ಏನು ಹೇಳಿ, ನಾನೇ ಹೇಳಿಬಿಡ್ತೀನಿ."

"ಇಲ್ಲ, ನಾನೇ ಹೋಗ್ತೀನಿ."

ಗಿಟಾರ್ ಚೀಲದ ಜಿಪ್ ಎಳೆದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಫೈಲ್ ಕೈಗೆ ಬಂದ್ಮೇಲೆ ನಮ್ಮಮ್ಮನಿಗೆ ಮಗನ ಮೇಲೂ ಡೌಟು!" ಅಂದು ನಕ್ಕ. ಮಕ್ಕಳೂ ನಕ್ಕರು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಿಸರ್ಗ ಮಾತ್ರ ಆಗಲೇ ಹೋಗಿ ನನ್ನ ಕಾರಿನ ಪಕ್ಕ ನಿಂತಿದ್ದಳು.

ದಾರಿಯಲ್ಲಿ ಅವಳ ಬ್ಯಾಗಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ. ಅವಳು ತೆಗೆಯಲಿಲ್ಲ. ಅವಳ ಫೋನ್ ಅವಳ ಕೈಯಲ್ಲೇ ಇತ್ತು.

ಮನೆ ಮುಟ್ಟಿದಾಗ ಆರೂ ಕಾಲು. ಅಪರ್ಣಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆಗೆದಳು. "ಇವತ್ತೇನಕ್ಕ, ಇಷ್ಟು ಬೇಗ ಬಂದ್ಬಿಟ್ರಿ?"

"ಯಾವಾಗ್ಲೂ ಎಷ್ಟೊತ್ತಿಗೆ ಬರ್ತಾಳೆ?"

"ಏಳೂ ಕಾಲು ಆಗುತ್ತೆ. ಮೀಟಿಂಗ್ ಏಳಕ್ಕಲ್ವಾ ಮುಗಿಯೋದು?"

ಮೀಟಿಂಗ್ ಮುಗಿಯುವುದು ಆರಕ್ಕೆ. ಶುರುವಾದಾಗಿನಿಂದ ಆರಕ್ಕೇ.

ಕಾಫಿ ಕೊಟ್ಟಳು, ಕುಡಿದು ಬಂದೆ.

9 ಮಾರ್ಚ್, ಭಾನುವಾರ

ಅಯ್ಯನವರಿಗೆ ಹೇಳಿದೆ. ಒಂದು ಗಂಟೆಯ ಲೆಕ್ಕ ಸಿಗುತ್ತಿಲ್ಲ ಅಂದೆ. ಮಗು ಹಸಿದಿರುತ್ತೆ, ದಾರಿಯಲ್ಲಿ ಐಸ್‌ಕ್ರೀಮ್ ಕೊಡಿಸಿರುತ್ತಾನೆ ಅಂದರು. ಎರಡನೇ ಫೋನ್? ಹಳೆಯದಿರಬೇಕು. "ವನಜಾ, ಒಬ್ಬ ಒಳ್ಳೇ ಹುಡುಗನ ಮೇಲೆ ಇಂಥ ಮಾತು ಎತ್ತಿದ್ರೆ ವಾಪಸ್ ತಗೊಳ್ಳೋಕಾಗಲ್ಲ, ಯೋಚನೆ ಮಾಡು" ಅಂದರು.

ಯೋಚನೆ ಮಾಡಿದೆ. ಅವರು ಹೇಳುವುದೂ ಸರಿಯೇ.

14 ಮಾರ್ಚ್, ಶುಕ್ರವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮೀಟಿಂಗ್ ಮುಗಿದ ಮೇಲೆ ನಿಸರ್ಗ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದಳು. ತಟ್ಟೆ ಇಟ್ಟು ಬಾಗಿಲು ಮುಂದಕ್ಕೆ ತಳ್ಳಿದಳು.

"ಆಂಟಿ, ಇಫ್ ಐ ಟೆಲ್ ಯು ಸಮ್‌ಥಿಂಗ್, ಪ್ರಾಮಿಸ್ ಯು ವೋಂಟ್ ಟೆಲ್ ಅಮ್ಮ?"

"ಆಯ್ತು ಪುಟ್ಟ" ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿದೆ.

"ಹಾಗೆ ಮಾತು ಕೊಡೋಕಾಗಲ್ಲಮ್ಮ. ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ತೀನಿ. ಬೇರೆ ಯಾರಿಗೂ ಹೇಳಲ್ಲ."

ಬಾಗಿಲ ಕಡೆ ನೋಡಿದಳು. ಇನ್ನು ಹೊರಟುಬಿಡುತ್ತಾಳೆ ಅಂದುಕೊಂಡೆ. ಹಾಲಿನಲ್ಲಿ ಕುರ್ಚಿ ಎಳೆದು ಜೋಡಿಸುವ ಸದ್ದು. ಸುಮಂತ ಏನೋ ಹಾಡಿಕೊಳ್ಳುತ್ತಿದ್ದ. ಆ ಹಾಡು ದೂರ ಹೋಗುವವರೆಗೆ ಕಾದು ಹೇಳಿದಳು.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬೇರೆ ಹಾಳೆಯ ಮೇಲೆ ಬರೆದು ಸಮಯ ಹಾಕಿ ಸಹಿ ಮಾಡಿದ್ದೇನೆ. ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಇಷ್ಟು ಸಾಕು: ಆ ಫೋನ್ ಅವನು ಕೊಟ್ಟದ್ದು. ಕಾರು ನೇರ ಮನೆಗೆ ಹೋಗದೆ ನದಿ ಕಡೆಯ ಪಾರ್ಕಿನಲ್ಲಿ ನಿಲ್ಲುತ್ತಿತ್ತು. ನಿಮ್ಮಮ್ಮನಿಗೆ ಗೊತ್ತಾದರೆ ಅವಳು ಕುಸಿದುಹೋಗುತ್ತಾಳೆ ಅಂದಿದ್ದನಂತೆ. ಕ್ರಿಸ್‌ಮಸ್ ಆದಮೇಲೆ ಶುರುವಾದದ್ದು.

ನಾನು ಹೆಚ್ಚು ಕೇಳಲಿಲ್ಲ. ಕೇಳಬಾರದು. ನೀನು ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂದೆ.

"ಐ ಟ್ರೈಡ್ ಟು ಕಮ್ ವಿತ್ ಯು," ಅಂದಳು. ಬೈಯುವ ಹಾಗಲ್ಲ. ಆದದ್ದನ್ನು ಆದ ಹಾಗೆ ಹೇಳುವ ದನಿಯಲ್ಲಿ.

ಹೊರಗೆ ಸುಮಂತ ಕಾರಿನ ಬಾಗಿಲು ತೆಗೆದು ನಿಂತಿದ್ದ. "ನಿಸರ್ಗ ನನ್ನ ಜೊತೆ ಬರ್ತಾಳೆ" ಅಂದೆ. ಈ ಸಲ ಕಾರಣ ಕೊಡಲಿಲ್ಲ.

ಅಪರ್ಣಾಗೆ ಅವಳ ಅಡುಗೆಮನೆಯಲ್ಲೇ ಹೇಳಿದೆ. ಅವಳು ಅಳಲಿಲ್ಲ. ಕೂಸಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ, ತೆಗೆಯುತ್ತಾ, ಮತ್ತೆ ತಿರುಗಿಸುತ್ತಾ ನಿಂತಳು. ಗಣಿಯಲ್ಲಿರುವ ಸುಧೀರನಿಗೆ ಫೋನ್ ಹಚ್ಚಲು ನಂಬರ್ ಒತ್ತಿಕೊಟ್ಟದ್ದು ನಾನು.

ಮನೆಗೆ ಬಂದು ಅಯ್ಯನವರಿಗೆ ಹೇಳಿದೆ. ಬಹಳ ಹೊತ್ತು ತಲೆ ಹಿಡಿದುಕೊಂಡು ಕೂತರು. "ಭಾನುವಾರದವರೆಗೆ ತಡಿ. ಹಿರಿಯರನ್ನ ಕೂರಿಸಿ ಮಾತಾಡೋಣ. ಅವನು ನಮ್ಮ ಮನೆ ಮಗು ವನಜಾ."

ಕಾನೂನಿನ ಪ್ರಕಾರ ನಾನು ಈಗಲೇ ಮಕ್ಕಳ ರಕ್ಷಣಾ ಇಲಾಖೆಗೆ ಫೋನ್ ಮಾಡಬೇಕು. ನಂಬರ್ ಬಾಯಿಪಾಠ. ಫೋನ್ ಕೈಯಲ್ಲೇ ಇದೆ. ಮಾಡಿಲ್ಲ. ಇದನ್ನೂ ಬರೆದಿಡಬೇಕು.

15 ಮಾರ್ಚ್, ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಸುಮಂತ, ಕಣ್ಣು ಕೆಂಪಗೆ. ನನ್ನ ಹಿಂದೆಯೇ ಅಯ್ಯನವರು ಬಂದು, "ನಾನೇ ಕರೆದೆ. ಮೂರೂ ಜನ ಕೂತು ಪ್ರಾರ್ಥನೆ ಮಾಡೋಣ" ಅಂದರು.

"ಫೋನಲ್ಲಿ ಏನಂತ ಹೇಳಿದ್ರಿ?"

"ಇರೋದನ್ನೇ ಹೇಳಿದೆ. ಹುಡುಗಿ ಹೀಗಂತಿದ್ದಾಳೆ, ಬಾ, ಮಾತಾಡೋಣ ಅಂತ."

ಅವನು ಒಳಗೆ ಬಂದು ಯಾವಾಗಲೂ ಕೂರುವ ಕುರ್ಚಿಯಲ್ಲೇ ಕೂತು ಅತ್ತ. "ಅಮ್ಮ, ನೀವೂ ನನ್ನನ್ನ ನಂಬಲ್ವಾ? ಅವರಪ್ಪ ಮನೇಲಿರಲ್ಲ. ಮಂಕಾಗಿರ್ತಿದ್ಳು, ಪಾಪ ಅಂತ ಮಾತಾಡಿಸ್ತಿದ್ದೆ. ಅದನ್ನೇ ಏನೇನೋ ಮಾಡಿ ಹೇಳ್ತಿದ್ದಾಳೆ. ಆ ವಯಸ್ಸಿನ ಹುಡುಗೀರು ಹಾಗೇ..."

"ಫೋನ್ ಯಾಕೆ ಕೊಟ್ಟೆ?"

ಕೇಳಬಾರದಿತ್ತು. ಕೇಳಿಬಿಟ್ಟೆ.

ತಲೆ ಎತ್ತಿದ. ಅಳು ನಿಂತಿತ್ತು. ಅಷ್ಟು ಬೇಗ ಅಳು ನಿಲ್ಲುವುದನ್ನು ನಾನು ದೊಡ್ಡವರಲ್ಲಿ ನೋಡಿಲ್ಲ. "ಅದನ್ನೂ ಹೇಳಿಬಿಟ್ಳಾ?" ಅಂದ.

ಅಯ್ಯನವರು ಮುಗಿದಿದ್ದ ಕೈ ಹಾಗೇ ಹಿಡಿದು ಅವನ ಮುಖ ನೋಡಿದರು.

ನಾನು ಕಾರಿನ ಕೀ ತಗೊಂಡೆ. ಅವನು ಎದ್ದು ಬಾಗಿಲಿಗೆ ಅಡ್ಡ ನಿಂತ. "ಅಮ್ಮ, ನೀವು ರಿಪೋರ್ಟ್ ಮಾಡಿದ್ರೆ ನನ್ನ ಸಿಟಿಜನ್‌ಶಿಪ್ ಹೋಯ್ತು. ಊರಲ್ಲಿ ನನ್ನ ತಾಯಿ ಸತ್ತೇಹೋಗ್ತಾಳೆ. ನಿಮ್ಮ ಕೈಯಾರೆ ಅನ್ನ ಹಾಕಿದ್ದೀರಿ ನನಗೆ."

"ದಾರಿ ಬಿಡು."

ಬಿಡಲಿಲ್ಲ. ಎರಡನೇ ಸಲ ಹೇಳಿದಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಿಡು ಸುಮಂತ" ಅಂತ ಇವರೂ ಅಂದರು. ಆಗ ಬಿಟ್ಟ.

ಶಾಪಿಂಗ್ ಸೆಂಟರಿನ ಕಾರ್‌ಪಾರ್ಕಿನಲ್ಲಿ ಕೂತು ಫೋನ್ ಮಾಡಿದೆ. ಇಪ್ಪತ್ತೆರಡು ನಿಮಿಷ ಸಂಗೀತ ಕೇಳಿಸಿದರು. ಎದುರಿನ ಕಾರಿನವರು ಡಿಕ್ಕಿಗೆ ಸಾಮಾನು ತುಂಬಿ, ಹೋಗಿ, ಆ ಜಾಗಕ್ಕೆ ಇನ್ನೊಂದು ಕಾರು ಬಂತು. ಕೊನೆಗೆ ಒಬ್ಬ ಹೆಂಗಸು ಮಾತಾಡಿದಳು. ಅವನ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವನು ನಿಮಗೆ ಹೇಗೆ ಪರಿಚಯ ಅಂತ ಕೇಳಿದಳು. "ಹಿ ಲಿವ್ಡ್ ಇನ್ ಮೈ ಹೌಸ್" ಅಂದೆ. ಆಮೇಲೆ ಮಾತು ಹೊರಡಲಿಲ್ಲ. "ಟೇಕ್ ಯುವರ್ ಟೈಮ್, ಲವ್" ಅಂದಳು.

ಮನೆಗೆ ಬಂದಾಗ ಅವನು ಹೋಗಿದ್ದ. ಇವರು ಅದೇ ಜಾಗದಲ್ಲಿ ಕೂತಿದ್ದರು.

16 ಮಾರ್ಚ್, ಭಾನುವಾರ

ಯಾರ ಹತ್ತಿರವೂ ಮಾತಾಡಬೇಡಿ ಅಂತ ಪೊಲೀಸ್ ಡಿಟೆಕ್ಟಿವ್ ಹೇಳಿದ್ದಾರೆ. ಸುಮಂತ ಎಲ್ಲಿ, ಸುಮಂತ ಎಲ್ಲಿ ಅಂತ ಐವತ್ತು ಜನವೂ ಕೇಳಿದರು. ಗೊತ್ತಿಲ್ಲ ಅಂದೆ. ಗಿಟಾರ್ ಇಲ್ಲದೆ ಹಾಡಿದೆವು.

20 ಮಾರ್ಚ್, ಗುರುವಾರ

ಅಪರ್ಣಾಳ ಮನೆಗೆ ಹೋಗಿದ್ದೆ. ನಿಸರ್ಗ ವಿಡಿಯೋದಲ್ಲಿ ಹೇಳಿಕೆ ಕೊಟ್ಟಿದ್ದಾಳೆ. ಸುಧೀರ ರಜೆ ಹಾಕಿ ಬಂದಿದ್ದಾನೆ, ಯಾರ ಜೊತೆಯೂ ಮಾತಾಡದೆ ಹಿತ್ತಲಲ್ಲಿ ಬೇಲಿ ರಿಪೇರಿ ಮಾಡುತ್ತಿದ್ದ.

ಶನಿವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಆ ಎರಡನೇ ಫೋನಿಗೆ ಮೆಸೇಜ್ ಬಂದಿತ್ತಂತೆ, ಇದನ್ನು ಈಗಲೇ ನದಿಗೆ ಎಸಿ ಅಂತ. ಇವರು ಅವನಿಗೆ ಫೋನ್ ಮಾಡಿದ್ದು ಎಂಟೂವರೆಗೆ. ನಿಸರ್ಗ ಎಸೆಯಲಿಲ್ಲ, ಅಮ್ಮನ ಕೈಗೆ ಕೊಟ್ಟಳು. ಅದು ಈಗ ಪೊಲೀಸರ ಹತ್ತಿರ ಇದೆ. ಹನ್ನೆರಡು ವರ್ಷದ ಮಗು ಮಾಡಿದ ಕೆಲಸ ಅದು.

ಅಪರ್ಣಾ ನನ್ನ ಕೈ ಹಿಡಿದು, "ನೀವಿಲ್ಲದಿದ್ರೆ ಏನಾಗ್ತಿತ್ತೋ ಅಕ್ಕ" ಅಂದಳು. ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಫೆಬ್ರವರಿ ಇಪ್ಪತ್ತೊಂದರಂದು ನಿಮ್ಮ ಜೊತೆ ಬರ್ತೀನಿ ಅಂತ ಕೇಳಿದಳು, ಅಣ್ಣನ್ನ ಕಾಯಿಸಬಾರದು ಅಂತ ಕಳಿಸಿಕೊಟ್ಟವಳು ನಾನೇ ಅಂತ.

ಕೈ ಬಿಟ್ಟಳು. "ಯಾಕಕ್ಕ?" ಅಂದಳು.

ಪ್ರಾರ್ಥನೆಗೆ ತಡವಾಗುತ್ತಿತ್ತು ಅಂತ ಹೇಳಲು ಬಾಯಿ ಬರಲಿಲ್ಲ.

"ಈಗ ಹೋಗಿ," ಅಂದಳು. ಬಾಗಿಲು ಹಾಕಿಕೊಂಡಳು.

30 ಮಾರ್ಚ್, ಭಾನುವಾರ

ಪೊಲೀಸರು ಬೇರೆ ಮಕ್ಕಳ ಮನೆಗೂ ಹೋಗಿದ್ದಾರೆ. ಎಲ್ಲರಿಗೂ ಗೊತ್ತಾಗಿದೆ.

ಇಂದಿರಮ್ಮನವರು ಟೀ ಹೊತ್ತಿನಲ್ಲಿ, ನಾನು ಎದುರಿಗಿರುವಾಗಲೇ, ನನ್ನ ಜೊತೆಯಲ್ಲ, ಗೋಡೆಯ ಜೊತೆ ಮಾತಾಡುವ ಹಾಗೆ ಹೇಳಿದರು: "ಸ್ವಂತ ಮಗನಾಗಿದ್ರೆ ಹೀಗೆ ಹಿಡಿದು ಕೊಡ್ತಿದ್ರಾ? ಹೆತ್ತಿದ್ರೆ ತಾನೇ ಗೊತ್ತಾಗೋದು."

ಮುಂದಿನ ವಾರದಿಂದ ಕ್ಯಾನಿಂಗ್ ವೇಲ್‌ನಲ್ಲಿ ಯಾರದೋ ಗರಾಜಿನಲ್ಲಿ ಬೇರೆ ಆರಾಧನೆಯಂತೆ. ಅರ್ಧಕ್ಕಿಂತ ಹೆಚ್ಚು ಜನ ಹೋಗುತ್ತಾರೆ.

ಕಾರಿನಲ್ಲಿ ಇವರು, "ನಾವು ಒಳಗೊಳಗೇ ಬಗೆಹರಿಸಿಕೊಂಡಿದ್ರೆ ಸಭೆ ಒಡೀತಿರಲಿಲ್ಲ" ಅಂದರು.

6 ಏಪ್ರಿಲ್, ಭಾನುವಾರ

ಡಿಟೆಕ್ಟಿವ್‌ಗೆ ಕೊಡಲು ಫೈಲಿನ ಪ್ರತಿ ತೆಗೆಯುತ್ತಿದ್ದೆ. ಬ್ರಿಸ್ಬೇನಿನ ಪತ್ರ ಕೈಗೆ ಬಂತು. ಕೆಳಗೆ ಸಹಿ ಮಾಡಿದವರ ನಂಬರ್ ಇತ್ತು. ಮೂರು ವರ್ಷದಿಂದ ಈ ಕಾಗದ ನಮ್ಮಲ್ಲಿದೆ, ಒಬ್ಬರೂ ಆ ನಂಬರಿಗೆ ಫೋನ್ ಮಾಡಿರಲಿಲ್ಲ.

ಮೊದಲು ಡಿಟೆಕ್ಟಿವ್‌ಗೇ ಫೋನ್ ಮಾಡಿ ಕೇಳಿದೆ. ಶಿಫಾರಸು ಪತ್ರದ ಬಗ್ಗೆ ಕೇಳಬಹುದು, ನಿಸರ್ಗಳ ವಿಷಯ ಒಂದಕ್ಷರವೂ ಎತ್ತಬೇಡಿ ಅಂದರು. ಆಮೇಲೆ ಸ್ಪೀಕರ್ ಹಾಕಿ ಮಾಡಿದೆ. ಇವರು ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಎತ್ತಿದವರು ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿರುವ ರತ್ನಪ್ಪ ಅಂಕಲ್, ಅಲ್ಲಿನ ಸಭೆಯ ಹಿರಿಯರು.

"ಅಂಕಲ್, ಸುಮಂತನ ಪತ್ರದ ಬಗ್ಗೆ ಕೇಳಬೇಕಿತ್ತು. ಅವನು ಅಲ್ಲಿಂದ ಯಾಕೆ ಬಂದ?"

ಹಿಂದೆ ಟಿವಿಯ ಸದ್ದು ಕೇಳಿಸುತ್ತಿತ್ತು, ಅದು ನಿಂತಿತು.

"ಆಗ ಏನೋ ಒಂದು ಮಾತು ಬಂದಿತ್ತಮ್ಮ. ಒಂದು ಹುಡುಗಿ ವಿಷಯ. ಸಾಕ್ಷಿ ಅಂತ ಏನೂ ಇರಲಿಲ್ಲ. ಹುಡುಗನ ಭವಿಷ್ಯ ಹಾಳಾಗುತ್ತೆ, ಸಭೆಗೂ ಕೆಟ್ಟ ಹೆಸರು. ಹಿರಿಯರೆಲ್ಲ ಕೂತು ಬುದ್ಧಿ ಹೇಳಿದ್ವಿ, ಪ್ರಾರ್ಥನೆ ಮಾಡಿ ಕಳಿಸಿಕೊಟ್ವಿ."

"ಎಲ್ಲಿಗೆ ಕಳಿಸಿಕೊಟ್ರಿ ಅಂಕಲ್?"

ಆ ಕಡೆ ಕೆಮ್ಮಿದರು.

"ಹೇಳಿ ಅಂಕಲ್. ಎಲ್ಲಿಗೆ?"

"...ನಿಮ್ಮಲ್ಲಿಗಮ್ಮ."

"ಆ ಹುಡುಗಿ ಈಗ ಎಲ್ಲಿದ್ದಾಳೆ?"

"ಆ ಮನೆಯವರು ಸಭೆಗೆ ಬರೋದು ಬಿಟ್ರು. ಗೊತ್ತಿಲ್ಲ."

ಫೋನ್ ಇಟ್ಟೆ. ಪೇಪರ್ ನೆಲದ ಮೇಲಿತ್ತು, ಇವರು ಹಿತ್ತಲಿಗೆ ಹೋಗಿದ್ದರು. ಕಿಟಕಿಯಿಂದ ಕಂಡಿತು, ಬಟ್ಟೆ ಒಣಗುವ ತಂತಿ ಹಿಡಿದುಕೊಂಡು ನಿಂತಿದ್ದರು. ಊಟಕ್ಕೆ ಕರೆಯಲು ಹೋಗಲಿಲ್ಲ. ಡಿಟೆಕ್ಟಿವ್‌ಗೆ ಮತ್ತೆ ಫೋನ್ ಮಾಡಿ ರತ್ನಪ್ಪನವರ ನಂಬರ್ ಕೊಟ್ಟೆ.

9 ಏಪ್ರಿಲ್, ಬುಧವಾರ

ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇವರ ಫೋನ್ ರಿಂಗಾಯಿತು. ಅಡಿಲೇಡ್‌ನಿಂದ, ಬ್ಲೇರ್ ಅಥಾಲ್‌ನ ಸಭಾಪಾಲಕರು. ಮುಖತಃ ಪರಿಚಯವಿಲ್ಲ. ದೊಡ್ಡ ದನಿ, ಸ್ಪೀಕರ್ ಇಲ್ಲದೆಯೂ ಕೇಳುತ್ತಿತ್ತು.

"ಬ್ರದರ್, ನಿಮ್ಮ ಸುಮಂತ ಇಲ್ಲಿಗೆ ಶಿಫ್ಟ್ ಆಗಿದ್ದಾನೆ. ಒಳ್ಳೇ ಹುಡುಗ, ಗಿಟಾರ್ ಬೇರೆ ಬರುತ್ತೆ. ಇಲ್ಲಿ ಯೂತ್‌ಗೆ ಯಾರೂ ಇಲ್ಲ. ಒಂದು ಪತ್ರ ಕಳಿಸಿಕೊಟ್ರೆ ಈಸ್ಟರ್ ಕ್ಯಾಂಪ್ ಅವನ ಕೈಗೇ ಕೊಡ್ತೀನಿ."

ಇವರು ನನ್ನ ಕಡೆ ನೋಡಿದರು. ನಾನು ಬ್ಯಾಗ್ ಹೆಗಲಲ್ಲಿ ಹಾಕಿಕೊಂಡೇ ನಿಂತಿದ್ದೆ. ತಲೆ ಆಡಿಸಲಿಲ್ಲ, ಕೈ ಸನ್ನೆ ಮಾಡಲಿಲ್ಲ. ಮನಸ್ಸಿನಲ್ಲಿ ಒಂದೇ ಯೋಚನೆ: ಇವರು ಈಗ ಪತ್ರ ಕೊಡುತ್ತೇನೆ ಅಂದರೆ ನಾನು ಈ ಬ್ಯಾಗ್ ಕೆಳಗಿಡುವುದಿಲ್ಲ.

"ಪತ್ರ ಕೊಡಲ್ಲ," ಅಂದರು ಕರುಣಾಕರ. ದನಿ ಒಡೆದಿತ್ತು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದರು. "ಪತ್ರ ಕೊಡಲ್ಲ ಬ್ರದರ್. ಅವನ ಮೇಲೆ ಇಲ್ಲಿ ಪೊಲೀಸ್ ರಿಪೋರ್ಟ್ ಇದೆ. ಮಕ್ಕಳ ವಿಷಯ. ಹೆಚ್ಚು ಹೇಳೋ ಹಾಗಿಲ್ಲ. ಅವನನ್ನ ನಿಮ್ಮ ಒಂದು ಮಗುವಿನ ಹತ್ರಾನೂ ಬಿಡಬೇಡಿ. ಡಿಟೆಕ್ಟಿವ್ ನಂಬರ್ ಕೊಡ್ತೀನಿ, ಬರ್ಕೊಳ್ಳಿ."

ಆ ಕಡೆಯವರು ಏನೋ ಅಂದರು. ಕ್ಷಮೆ, ಎರಡನೇ ಅವಕಾಶ ಅಂತೇನೋ ಕೇಳಿಸಿತು.

"ಕ್ಷಮಿಸೋದು ಬೇರೆ," ಅಂದರು. "ಬರ್ಕೊಳ್ಳಿ. ಸೊನ್ನೆ ನಾಲ್ಕು..."

ಫೋನ್ ಇಟ್ಟಮೇಲೆ ಕುರ್ಚಿಯಲ್ಲಿ ಕುಸಿದು ಅತ್ತರು. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು. ಪಕ್ಕದಲ್ಲಿ ಕೂತೆ. ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆ ಶನಿವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿದ್ದನ್ನು ನೀವೇ ಪೊಲೀಸರಿಗೆ ಹೇಳಬೇಕು ಅಂದೆ. ನಾಳೆ ಹೋಗ್ತೀನಿ ಅಂದರು.

18 ಏಪ್ರಿಲ್, ಶುಭ ಶುಕ್ರವಾರ

ಹತ್ತೊಂಬತ್ತು ಜನ. ಕರುಣಾಕರ ಪ್ರಸಂಗ ಓದಲಿಲ್ಲ. ಪುಲ್ಪಿಟ್ ಬಿಟ್ಟು ಕೆಳಗೆ ಬಂದು ನಿಂತು, "ಒಂದು ಮಗುವಿನ ಮಾತು ನನ್ನ ಕಿವಿಗೆ ಬಿದ್ದಾಗ ನಾನು ಮೊದಲು ಫೋನ್ ಮಾಡಿದ್ದು ಪೊಲೀಸರಿಗಲ್ಲ. ತಪ್ಪು ನನ್ನದು" ಅಂದರು. ಇನ್ನು ಮುಂದೆ ಮಕ್ಕಳ ಯಾವ ವಿಷಯದಲ್ಲೂ ತಮ್ಮದಲ್ಲ, ವನಜಾಳ ಮಾತೇ ಕೊನೆ ಅಂತಲೂ ಅಂದರು. ಈ ಸಲ ಮನೆಯಲ್ಲಿ ಮೊದಲೇ ಕೇಳಿದ್ದರು. ನಾನು ಎರಡು ಷರತ್ತು ಹಾಕಿ ಒಪ್ಪಿದ್ದೆ: ಯಾರೂ ಒಬ್ಬರೇ ಒಂದು ಮಗುವನ್ನು ಕಾರಿನಲ್ಲಿ ಕರೆದೊಯ್ಯಬಾರದು, ಮಗು ಏನಾದರೂ ಹೇಳಿದರೆ ಮೊದಲ ಫೋನ್ ಪೊಲೀಸರಿಗೆ.

12 ಜೂನ್, ಗುರುವಾರ

ಅಡಿಲೇಡ್‌ನಲ್ಲಿ ಅವನನ್ನು ಹಿಡಿದು ಇಲ್ಲಿಗೆ ಕರೆತಂದಿದ್ದಾರೆ. ಚಾರ್ಜ್ ಹಾಕಿದ್ದಾರೆ. ಬ್ರಿಸ್ಬೇನಿನ ಆ ಹುಡುಗಿಯೂ ಸಿಕ್ಕಿದ್ದಾಳೆ. ಈಗ ಹತ್ತೊಂಬತ್ತು ವರ್ಷ, ಮಾತಾಡಲು ಒಪ್ಪಿದ್ದಾಳಂತೆ. ಕೋರ್ಟಿನಲ್ಲಿ ನಾನೂ ಸಾಕ್ಷಿ ಹೇಳಬೇಕು.

ಮಧ್ಯಾಹ್ನ ಮೈಸೂರಿನಿಂದ ಅವನ ತಾಯಿ ಫೋನ್ ಮಾಡಿದ್ದರು. ಶಾಪ ಹಾಕಿದರು, ಆಮೇಲೆ ಬೇಡಿಕೊಂಡರು. ಪೂರ್ತಿ ಕೇಳಿಸಿಕೊಂಡೆ. "ನಾನು ಹೇಳಿದ್ದನ್ನ ವಾಪಸ್ ತಗೊಳ್ಳಲ್ಲಮ್ಮ" ಅಂದೆ.

ಹಿಂದಿನ ರೂಮ್ ತೊಳೆದು ಕಿಟಕಿ ತೆಗೆದಿಟ್ಟಿದ್ದೇನೆ. ಮೊದಲ ವರ್ಷ ಅವನು ಜ್ವರದಲ್ಲಿ ಮಲಗಿದ್ದಾಗ ಗಂಜಿ ಕುಡಿಸಿದ್ದು ನೆನಪಾಯಿತು. ಅದು ಸುಳ್ಳಲ್ಲ, ಇದೂ ಸುಳ್ಳಲ್ಲ. ನೆಲ ಒರೆಸುತ್ತಾ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಉಳಿದ ಅರ್ಧ ಒರೆಸಿದೆ.

17 ಆಗಸ್ಟ್, ಭಾನುವಾರ

ಇವತ್ತು ಅಪರ್ಣಾ ಬಂದಳು. ಮಾರ್ಚ್ ತಿಂಗಳ ಆ ದಿನದ ನಂತರ ಮೊದಲ ಸಲ. ಟೆಸ್ಟ್ ಪಾಸಾಗಿದ್ದಾಳೆ, ತಾನೇ ಕಾರು ಓಡಿಸಿಕೊಂಡು ಬಂದಳು. ಜೊತೆಗೆ ನಿಸರ್ಗ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ, ಒಂದಿಷ್ಟು ಎತ್ತರವೂ ಆಗಿದ್ದಾಳೆ. ಹಿಂದಿನ ಸಾಲಿನಲ್ಲಿ ಕೂತರು. ನಾನು ಹತ್ತಿರ ಹೋಗಲಿಲ್ಲ, ಅವರಾಗಿ ಬರಲಿ ಅಂತ.

ಆರಾಧನೆ ಮುಗಿದು ಊಟಕ್ಕೆ ಪುಲಾವ್ ಬಡಿಸುತ್ತಿದ್ದೆ. ಜಯಪಾಲ ಅಂಕಲ್ ನಿಸರ್ಗಳನ್ನು ಕಂಡು ಎರಡೂ ಕೈ ಚಾಚಿಕೊಂಡು ಬಂದರು. ಎಪ್ಪತ್ತು ವರ್ಷ, ಬೆಣ್ಣೆಯಂಥ ಮನುಷ್ಯ. ನಮ್ಮನ್ನು ಬಿಟ್ಟು ಹೋಗದವರಲ್ಲಿ ಒಬ್ಬರು. "ಬಾ ಪುಟ್ಟಿ, ಎಷ್ಟು ದಿನ ಆಯ್ತು ನಿನ್ನ ನೋಡಿ! ತಾತನಿಗೆ ಒಂದು ಹಗ್ ಕೊಡು."

"ನೋ, ಥ್ಯಾಂಕ್ಸ್," ಅಂದಳು ನಿಸರ್ಗ. ಜೋರಾಗಿಯೇ ಅಂದಳು.

ಅಂಕಲ್ ಕೈ ಗಾಳಿಯಲ್ಲೇ ಉಳಿಯಿತು. ಮುಖ ಸಣ್ಣದು ಮಾಡಿಕೊಂಡು ಅವರು ನನ್ನ ಕಡೆ ತಿರುಗಿದರು. "ನೋಡಿ ವನಜಾ, ನಾವೂ ಕೆಟ್ಟವರಾಗಿಬಿಟ್ವಾ?"

"ನೀವು ಕೆಟ್ಟವರಲ್ಲ ಅಂಕಲ್. ಬೇಡ ಅಂದಳು, ಅಷ್ಟೇ," ಅಂದೆ. "ಟೀ ಬಿಸಿಯಾಗಿದೆ, ತಗೊಳ್ಳಿ."

ಆಮೇಲೆ ಕೈ ಇಳಿಸಿ, ಟೀ ಹಾಕಿಸಿಕೊಂಡು, "ಆಯ್ತು ಪುಟ್ಟಿ, ಹಾಯ್" ಅಂದರು ನಿಸರ್ಗಳಿಗೆ. ಅವಳೂ "ಹಾಯ್" ಅಂದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.

ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಅಪರ್ಣಾ. ಮೊಸರುಬಜ್ಜಿಯ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೈ ಚಾಚಿದಳು.

"ಸೌಟು ಕೊಡಿ ಅಕ್ಕ."

ಕೊಟ್ಟೆ.